ಒಂದು ಗೆಣ್ಣು ನೀರು

“ಅಕ್ಕಾ, ಫ್ಯೂಸ್ ಹೋಯ್ತು, ಸ್ವಲ್ಪ ಬಂದು ಹಾಕ್ಕೊಡಿ” ಎನ್ನುತ್ತಲೇ ಬಾಗಿಲು ಬಡಿದ ಮೇಲಿನ ಮನೆಯ ಟೈಲರಮ್ಮ, ಬಾಗಿಲು ತೆಗೆದ ಮೇಷ್ಟ್ರನ್ನು ಕಂಡು ನಾಲಿಗೆ ಕಚ್ಚಿಕೊಂಡರು. ಮೇಷ್ಟ್ರ ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ಟೈಲರಮ್ಮನಿಗೆ ಅದು ಗೊತ್ತಿಲ್ಲದ್ದೇನಲ್ಲ, ಮುಂದೆ ನಿಂತು ಎಲ್ಲ ನೋಡಿಕೊಂಡವರೇ ಅವರು. ಆದರೆ ಹೊಲಿಗೆ ಮಿಷನ್ನಿನ ಮೋಟರು ನಿಂತರೆ ಕಾಲು ತಾನಾಗಿಯೇ ಕೆಳಗಿನ ಮನೆಗೆ ಬರುವುದು ಹಳೇ ರೂಢಿ.

ಬಾಯಿ ತಪ್ಪಿ ಬಂತು, ಬೇಜಾರು ಮಾಡ್ಕೋಬೇಡಿ ಎಂದು ಬಡಬಡಿಸಿದರು. ಮೇಷ್ಟ್ರಿಗೆ ಬೇಜಾರಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

“ನಮ್ಮವಳು ನಿಮ್ಮನೆ ಫ್ಯೂಸ್ ಹಾಕ್ತಿದ್ಲಾ?”

“ನಮ್ಮನೇದು ಒಂದೇ ಏನು, ಇಡೀ ಕಟ್ಟಡಕ್ಕೆ ಅವರೇ. ಇಲ್ಲಿ ಮಿಕ್ಕೋರೆಲ್ಲ ಒಂಟಿ ಹೆಂಗಸರು. ಇನ್ಯಾರನ್ನ ಕರೆಯೋಣ?”

ಹೆಂಡತಿಗೆ ಫ್ಯೂಸ್ ಹಾಕಲು ಕಲಿಸಿದವರು ಮೇಷ್ಟ್ರೇ. ಅದೂ ಸುಮ್ಮನೆ ಅಲ್ಲ, ಲೆಕ್ಕ ಹಾಕಿ ಕಲಿಸಿದ್ದು. ಬೇರೆ ಬೇರೆ ದೇಶಗಳ ಜನ ಎಷ್ಟು ಬೇಗ ಮುದುಕರಾಗುತ್ತಿದ್ದಾರೆ ಎಂದು ಹೋಲಿಸಿ ನೋಡುವುದೇ ಅವರು ಕಾಲೇಜಿನಲ್ಲಿ ಜೀವಮಾನವಿಡೀ ಮಾಡಿದ ಪಾಠ. ಪ್ರತಿ ದೇಶಕ್ಕೂ ಜನರ ವಯಸ್ಸಿನ ಒಂದು ನಕ್ಷೆ, ಸಂಖ್ಯೆಗೆ ತಕ್ಕ ಉದ್ದದ ಗೆರೆಗಳು: ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು, ಕೆಳಗೆ ಕೂಸುಗಳು, ತುದಿಯಲ್ಲಿ ತೀರಾ ವಯಸ್ಸಾದವರು. ಹತ್ತು ವರ್ಷಕ್ಕೊಮ್ಮೆ ಹೊಸ ಅಂಕಿಅಂಶ ಬಂದಾಗ ನಕ್ಷೆಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿಕೊಂಡು ಮತ್ತೆ ಬರೆಯುತ್ತಿದ್ದರು. ಒಂದು ದೇಶ ನೂರು ವರ್ಷ ಎಳೆದಾಡಿಕೊಂಡು ಮುದಿಯಾದರೆ, ಇನ್ನೊಂದು ಇಪ್ಪತ್ತೈದರಲ್ಲೇ ಮುಗಿಸಿಬಿಟ್ಟಿತ್ತು. ಬುಡ ಕಿರಿದಾಗಿ ನೆತ್ತಿ ಅಗಲವಾಗುವ ವೇಗ ಮಾತ್ರ ಬೇರೆ ಬೇರೆ. ಶ್ರೀಮಂತ ದೇಶವೋ ಬಡ ದೇಶವೋ, ಅವರ ಮೇಜಿಗೆ ಬಂದ ಯಾವ ನಕ್ಷೆಯ ತುದಿಯಲ್ಲೂ ಬಲಗಡೆಯ ಗೆರೆಯೇ ಉದ್ದ. ಕೊನೆಗೆ ಉಳಿಯುವವರು ಹೆಂಗಸರು.

“ಇಲ್ಲಿ ತುದೀಲಿ ಒಬ್ಬಳೇ ಕೂತಿರೋಳು ನಾನೇನಾ?” ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಹೌದು ಎಂದಿದ್ದರು ಮೇಷ್ಟ್ರು. ಅಷ್ಟಕ್ಕೇ ಬಿಡದೆ ಒಳ್ಳೆಯ ಗಂಡನಂತೆ ಅವಳನ್ನು ತಯಾರು ಮಾಡಲು ಕೂತರು. ಫ್ಯೂಸು, ಸೋರುವ ನಲ್ಲಿ, ಬ್ಯಾಂಕು, ಮನೆಯ ತೆರಿಗೆ, ಒಂದೂ ಬಿಡಲಿಲ್ಲ. ಪಾಪ, ಅವಳು ನಗುನಗುತ್ತಾ ಎಲ್ಲ ಕಲಿತಳು. ನಿಮಗೂ ಅನ್ನ ಮಾಡೋದು ಹೇಳ್ಕೊಡ್ತೀನಿ ಬನ್ನಿ ಎಂದು ಕರೆದಾಗ ಮಾತ್ರ ಮೇಷ್ಟ್ರು ಮೇಜಿನಿಂದ ತಲೆ ಎತ್ತಿರಲಿಲ್ಲ. “ಯಾವ ದೇಶದ ಲೆಕ್ಕದಲ್ಲೂ ಅದರ ಅಗತ್ಯ ಕಾಣಿಸ್ತಿಲ್ಲ ಕಣೇ” ಎಂದಿದ್ದರು. ಜಗತ್ತನ್ನೆಲ್ಲ ಅಳೆದವರಿಗೆ ಸ್ವಂತ ಅಡಿಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಗೊತ್ತಿರಲಿಲ್ಲ.

ಈಗ ಒಂದು ಕೈಯಲ್ಲಿ ಸ್ಕ್ರೂಡ್ರೈವರು, ಇನ್ನೊಂದು ಕೈಯಲ್ಲಿ ಜಾರುವ ಪ್ಯಾಂಟಿನ ಸೊಂಟ ಹಿಡಿದು ಮೆಟ್ಟಿಲು ಹತ್ತಿದರು. ಎರಡು ತಿಂಗಳಿಂದ ಬನ್ನು, ಹಾಲು, ಮತ್ತೆ ಬನ್ನು. ಹೋಟೆಲಿನಲ್ಲಿ ಒಬ್ಬರೇ ಕೂತರೆ ಅರ್ಧ ತಟ್ಟೆ ಬಿಟ್ಟು ಎದ್ದುಬರುತ್ತಿದ್ದರು. ಹೀಗೇ ಆದರೆ ಹಾಸಿಗೆ ಹಿಡಿಯುತ್ತೀರಿ ಎಂದು ಡಾಕ್ಟರು ಗದರಿಸಿದ್ದರು. ಹಾಸಿಗೆ ಹಿಡಿದರೆ ನೋಡಿಕೊಳ್ಳಲು ಮಕ್ಕಳಿಲ್ಲ, ಮರಿಗಳಿಲ್ಲ.

ಫ್ಯೂಸ್ ಕಿತ್ತು ನೋಡಿದರು. ನಡುವೆ ತಂತಿ ಸುಟ್ಟುಹೋಗಿತ್ತು. ಎರಡೂ ತುದಿ ಮಾತ್ರ ಸ್ಕ್ರೂವಿನ ಅಡಿಯಲ್ಲಿ ಹಾಗೇ ಬಿಗಿಯಾಗಿದ್ದವು. ಎರಡು ಸುತ್ತು ಸುತ್ತಿ, ಉಳಿದ ಬಾಲ ಕತ್ತರಿಸಿದ್ದು ಅವರು ಹೇಳಿಕೊಟ್ಟ ಹಾಗೆಯೇ. ಅವಳ ಕೈಯ ಸುತ್ತು ಬಿಚ್ಚಲು ಮನಸ್ಸು ಬರಲಿಲ್ಲ. ಬಿಚ್ಚದೆ ಬೇರೆ ದಾರಿಯೂ ಇರಲಿಲ್ಲ.

ಕರೆಂಟು ಬಂತು. ಟೈಲರಮ್ಮನ ಕಣ್ಣು ಮೇಷ್ಟ್ರ ಸೊಂಟದ ಮೇಲೆ ನಿಂತಿತ್ತು. ಪ್ಯಾಂಟು ನಾಲ್ಕು ಬೆರಳು ಸಡಿಲವಾಗಿದೆ, ಕೊಡಿ, ಹೊಲಿದು ಬಿಗಿ ಮಾಡಿಕೊಡುತ್ತೇನೆ ಎಂದರು. ಆಮೇಲೆ ಮೆಲ್ಲಗೆ, “ಆ ನಕ್ಷೇಲಿ ನಿಮ್ಮಂಥೋರು ಯಾರೂ ಇರ್ಲಿಲ್ವಾ?” ಎಂದು ಕೇಳಿದರು. ಹೆಂಡತಿ ಅವರಿಗೂ ನಕ್ಷೆಯ ಕಥೆಯೆಲ್ಲ ಹೇಳಿದ್ದಳೆಂದು ಕಾಣುತ್ತದೆ.

“ಇದ್ರು” ಎಂದರು ಮೇಷ್ಟ್ರು. “ಎಡಗಡೆ ತುದೀಲಿ, ಸಣ್ಣ ಗೆರೆ. ಎಲ್ಲ ದೇಶಕ್ಕೂ ನಾನೇ ಎಳೀತಿದ್ದೆ.”

ಮೇಷ್ಟ್ರು ಬಾಗಿಲವರೆಗೆ ಹೋದವರು ತಿರುಗಿದರು. ಕಾಲೇಜಿನಲ್ಲಿ ಯಾರನ್ನೂ ಏನನ್ನೂ ಕೇಳಿ ಅಭ್ಯಾಸವಿಲ್ಲದ ಬಾಯಿ ಅದು. ಆದರೂ ಅನ್ನಕ್ಕೆ ನೀರು ಎಷ್ಟು ಇಡಬೇಕು ಎಂದು ಕೇಳಿದರು. ಅಯ್ಯೋ, ಅದಕ್ಕೇನು ವಿದ್ಯೆ ಬೇಕು ಎಂದು ಟೈಲರಮ್ಮ ತೋರುಬೆರಳು ಎತ್ತಿ ತೋರಿಸಿದರು. ತೊಳೆದ ಅಕ್ಕಿಯ ಮೇಲೆ ಬೆರಳು ಊರಬೇಕು, ಮೊದಲನೇ ಗೆಣ್ಣಿನವರೆಗೆ ನೀರು ಬರಬೇಕು, ಅಕ್ಕನೂ ಹಾಗೇ ಇಡುತ್ತಿದ್ದರು.

“ಯಾರ ಗೆಣ್ಣು?” ಮೇಷ್ಟ್ರು ತಮಾಷೆಗೆ ಕೇಳಿರಲಿಲ್ಲ. “ಅವಳ ಬೆರಳು ಚಿಕ್ಕದಿತ್ತು.”

ಟೈಲರಮ್ಮ ನಗಲು ಹೋಗಿ ನಿಲ್ಲಿಸಿದರು. ಕೊರಳಲ್ಲಿದ್ದ ಅಳತೆಯ ಟೇಪನ್ನು ಎಳೆದುಕೊಂಡರು.

“ಅಳತೆ ಯಾವಾಗ್ಲೂ ಹಾಕ್ಕೊಳ್ಳೋರದೇ ಮೇಷ್ಟ್ರೇ. ಉಣ್ಣೋರು ಈಗ ನೀವು.”

ಕೆಳಗೆ ಬಂದು ಡಬ್ಬಿಗಳನ್ನೆಲ್ಲ ತೆರೆದು ಅಕ್ಕಿ ಹುಡುಕಿದರು, ತೊಳೆದರು, ಪಾತ್ರೆಯಲ್ಲಿ ಬೆರಳು ಊರಿ ನಲ್ಲಿ ತಿರುಗಿಸಿದರು. ನೀರು ಮೆಲ್ಲಗೆ ಏರಿ ಗೆಣ್ಣಿಗೆ ಬಂತು. ನಲ್ಲಿ ನಿಲ್ಲಿಸಿದರು. ಬೆರಳನ್ನು ಮಾತ್ರ ತೆಗೆಯಲಿಲ್ಲ.

“ಇಷ್ಟು ಸಾಕೇನೇ?” ಎಂದರು.