ಒರತೆಯ ಜಾಗ

ಸಮುದ್ರ ಇಳಿದ ಮರಳಿನ ಮೇಲೆ ಹತ್ತು ಹೆಜ್ಜೆ ನಡೆದರೂ ಚೌಡಮ್ಮನ ಅಂಗಾಲಿಗೆ ತಂಪು ತಾಗಲಿಲ್ಲ. ಮರಳಡಿಯಿಂದ ಸಿಹಿನೀರು ಒಸರುವ ಜಾಗವನ್ನು ಅವಳು ಕಾಲಿನಿಂದಲೇ ಹುಡುಕುತ್ತಾಳೆಂದು ಮುರ್ಡೇಶ್ವರದಲ್ಲಿ ಎಲ್ಲರಿಗೂ ಗೊತ್ತು. ಆ ಅಂಗಾಲು ಮರಗಟ್ಟಿ ವರ್ಷವಾದದ್ದನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ. ಅವಳ ಬೆನ್ನಹಿಂದೆಯೇ, ಸಮುದ್ರದ ನೀರನ್ನು ಅಧ್ಯಯನ ಮಾಡುವ ಕಾರವಾರದ ಸಾಹೇಬರು ಒಂದು ಕಡೆ ಕೊಯ್ದ ಚಿಮಣಿ ಎಣ್ಣೆ ಡಬ್ಬಿ ಹಿಡಿದು ಬರುತ್ತಿದ್ದರು. ಅದನ್ನು ಒರತೆಯ ಮೇಲೆ ಮಗುಚಿ ಒತ್ತಿ, ಗಂಟೆಗೆಷ್ಟು ನೀರು ಸಮುದ್ರಕ್ಕೆ ಸೇರುತ್ತದೆಂದು ಅವರು ಅಳೆಯಬೇಕಿತ್ತು.

“ಈ ನೀರಿನ ಜೊತೆ ನಿಮ್ಮ ಗದ್ದೆ ಗೊಬ್ಬರದ ಸತ್ವವೂ ಬರ್ತದೆ, ಚೌಡಮ್ಮ,” ಎಂದರು ಸಾಹೇಬರು.

“ಹಂಗಾರೆ ನಾ ಹೊತ್ತ ಸಗಣಿಯೆಲ್ಲ ಬಂಗಡೆ ತಿಂದದ್ದೇ ಸೈ,” ಎಂದು ಅವಳು ಅವರನ್ನು ನಗಿಸಿದಳು. ಒಳಗೆ ಮಾತ್ರ ಒಂದೇ ಚಿಂತೆ ಕೊರೆಯುತ್ತಿತ್ತು. ಈ ಒಂದು ಕೆಲಸವೂ ಕೈಬಿಟ್ಟರೆ ಊರಲ್ಲಿ ತನ್ನನ್ನು ಕೇಳುವವರು ಯಾರು?

ಪಕ್ಕದಲ್ಲಿ ಬರಿಗಾಲಲ್ಲಿ ಬರುತ್ತಿದ್ದ ಸೊಸೆ ಲಕ್ಕಿ, “ಜಾರ್ತದೆ ಅತ್ತೆ,” ಎನ್ನುತ್ತ ಅವಳ ಮೊಣಕೈ ಹಿಡಿದಳು. ಮರಳು ಎಲ್ಲೂ ಜಾರುತ್ತಿರಲಿಲ್ಲ. ನಾಲ್ಕು ಹೆಜ್ಜೆ ಕಳೆದ ಮೇಲೆ ಲಕ್ಕಿಯ ಬೆರಳುಗಳು ಮೆಲ್ಲನೆ ಬಿಗಿಯಾದವು. ಚೌಡಮ್ಮ ನಿಂತಳು. ಲಕ್ಕಿ ಏನೂ ಅರಿಯದವಳ ಹಾಗೆ ದೂರದ ದೋಣಿಗಳನ್ನು ನೋಡುತ್ತಿದ್ದಳು.

“ಇಲ್ಲೇ,” ಎಂದಳು ಚೌಡಮ್ಮ.

ಸಾಹೇಬರು ಅಲ್ಲಿ ಡಬ್ಬಿ ಮಗುಚಿ ಒತ್ತಿದರು. ಅದರ ಕೊಳವೆಗೆ ಕಟ್ಟಿದ ರಬ್ಬರ್ ಚೀಲ ನಿಧಾನವಾಗಿ ಉಬ್ಬಿತು. ಸಾಹೇಬರು ಅದರ ನೀರನ್ನು ನಾಲಿಗೆಗೆ ಹಚ್ಚಿ ನೋಡಿ, ಸಿಹಿಯೆಂದು ತಲೆದೂಗಿ ಪುಸ್ತಕ ತೆರೆದರು. “ಜಾಗ ತೋರಿಸಿದ್ದು ಚೌಡಮ್ಮ ಅಂತ ಬರೀತೇನೆ.”

ಲಕ್ಕಿ ಮೊಣಕೈಯಿಂದ ಕೈ ತೆಗೆಯಹೋದಳು. ಚೌಡಮ್ಮ ಆ ಕೈಯನ್ನು ಅಲ್ಲೇ ಒತ್ತಿ ಹಿಡಿದಳು.

“ಲಕ್ಕಿ ಅಂತ ಬರ್ಕಳಿ, ಸಾಹೇಬ್ರೇ. ನನ್ನ ಕಾಲು ಸತ್ತು ವರ್ಷ ಆತು.”