ಕೆಂಪಿಯ ವಯಸ್ಸು

ಮದುವೆ ಚಪ್ಪರದಡಿ ತಾಲ್ಲೂಕು ಕಚೇರಿಯ ಮೇಡಂ ಕೇಳಿದರು, "ಹುಡುಗಿಗೆ ಎಷ್ಟು ವರ್ಷ?"

"ಹದಿನೆಂಟು ತುಂಬ್ಯಾವ್ರೀ," ಎಂದ ಅಪ್ಪ. "ಶಾಲಿ ಕಾಗದ ಕಳೆದಾವ."

"ನೀನೇ ಹೇಳವ್ವಾ."

ನಿನ್ನ ವಯಸ್ಸು ಹೇಳಿದರೆ ನೋಡು ಎಂದು ಅಪ್ಪ ಬೆಳಿಗ್ಗೆಯೇ ಗದರಿಸಿದ್ದ. ನಾನು ಅರಿಶಿನ ಹಚ್ಚಿದ ಕೈಗಳನ್ನು ನೋಡುತ್ತ ಕುಳಿತೆ. ಮೇಡಂ ಎದ್ದರು. ಕಾಲಿಗೆ ಅಡ್ಡವಾಗಿ ನಮ್ಮ ನಾಯಿ ಕೆಂಪಿ ಮಲಗಿತ್ತು.

"ಪಾಪ, ಭಾಳ ವಯಸ್ಸಾಗೇತಿ ಇದಕ್ಕ," ಎಂದರು.

ಅಜ್ಜಿ ನಕ್ಕಳು. "ಈ ಕೆಂಪೀನೂ ನನ್ನ ಮೊಮ್ಮಗಳೂ ಒಂದ ದಿನ ಹುಟ್ಟಿದ್ವು ನೋಡ್ರಿ. ಇದು ಆಗಲೇ ಮುದುಕಿ ಆತು, ಇಕಿಗೆ ಈಗ ಲಗ್ನ!"

ಅಪ್ಪನ ಮುಖ ಕಪ್ಪಿಟ್ಟಿತು. ಮೇಡಂ ನನ್ನತ್ತ ತಿರುಗಿದರು.

"ಕೆಂಪಿಗೆ ಎಷ್ಟು ವರ್ಷ, ತಂಗಿ?"

ಕೆಂಪಿಯ ವಯಸ್ಸು ಹೇಳಬೇಡ ಎಂದು ಅಪ್ಪ ಹೇಳಿರಲಿಲ್ಲ.

"ಹದಿನಾಲ್ಕು," ಎಂದೆ.