ವಿವೇಚನಾಧಿಕಾರ

ಆಟೊ ಕಾರಿಗೆ ತಾಗಿದ್ದಕ್ಕೆ ಶುರುವಾದ ಜಗಳ. ಆಟೊ ಓಡಿಸುತ್ತಿದ್ದ ಮುನಿರಾಜು ಮತ್ತು ಕಾರಿನಲ್ಲಿದ್ದ ಶಾಸಕರ ಮಗ ತೇಜಸ್ ನಡುರಸ್ತೆಯಲ್ಲಿ ಒಬ್ಬರ ಕೆನ್ನೆಗೊಬ್ಬರು ಬಾರಿಸಿದ್ದರು. ಇಬ್ಬರೂ ದೂರು ಕೊಟ್ಟರು, ಕೋರ್ಟಿನಲ್ಲಿ ಇಬ್ಬರೂ ತಪ್ಪೊಪ್ಪಿಕೊಂಡರು.

ನ್ಯಾಯಾಧೀಶರು ಇಸ್ತ್ರಿ ಮಾಡಿದ ಬಿಳಿ ಅಂಗಿಯವನನ್ನು ಮೊದಲು ನೋಡಿದರು.

"ಯಾವುದೋ ಕೆಟ್ಟ ಗಳಿಗೇಲಿ ಕೈ ಮಾಡಿಬಿಟ್ಟಿದ್ದೀರಿ. ಒಳ್ಳೆ ಮನೆತನದವರ ಹಾಗೆ ಕಾಣ್ತೀರಿ. ನಿಮ್ಮ ಭವಿಷ್ಯ ಹಾಳಾಗಬಾರದು. ಎಚ್ಚರಿಕೆ ಕೊಟ್ಟು ಬಿಟ್ಟಿದ್ದೀನಿ, ಹೋಗಿ ಬನ್ನಿ."

ಆಮೇಲೆ ಗಡ್ಡ ಬಿಟ್ಟು, ಮಾಸಿದ ಅಂಗಿ ತೊಟ್ಟು ನಿಂತಿದ್ದವನತ್ತ ತಿರುಗಿದರು.

"ನಿನ್ನಂಥೋರಿಗೆ ಪಾಠ ಆಗ್ಬೇಕು ಕಣಯ್ಯಾ. ಒಂದು ವಾರ ಜೈಲು."

ಅವನ ವಕೀಲರು ಗಾಬರಿಯಿಂದ ಎದ್ದರು. "ಸ್ವಾಮಿ, ಇಬ್ಬರೂ ಹೊಡೆದದ್ದು ಒಂದೊಂದೇ ಏಟು."

"ಏಟು ಒಂದೇ ಇರಬಹುದು ವಕೀಲರೇ. ಮನುಷ್ಯ ಎಂಥವನು ಅಂತ ನೋಡಿ ಶಿಕ್ಷೆ ಕೊಡೋದು ನನ್ನ ವಿವೇಚನೆಗೆ ಬಿಟ್ಟದ್ದು."

ವಕೀಲರು ಹತ್ತಿರ ಹೋಗಿ ಪಿಸುಗುಟ್ಟಿದರು. "ಇವರೇ ಶಾಸಕರ ಮಗ, ಸ್ವಾಮಿ. ಬಡವನ ಹಾಗೆ ಬಂದರೆ ತಮಗೆ ಕರುಣೆ ಹುಟ್ಟುತ್ತೆ ಅಂತ ನಾನೇ ಈ ವೇಷ ಹಾಕಿಸಿದೆ. ಆಟೊದವನು ಆ ಬಿಳಿ ಅಂಗಿಯವನು. ಭಾವನ ಬಟ್ಟೆ ಹಾಕ್ಕೊಂಡು ಬಂದಿದ್ದಾನೆ."

ನ್ಯಾಯಾಧೀಶರು ಸಹಿ ಹಾಕಲು ಎತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಮಾಸಿದ ಅಂಗಿಯವನಿಗೆ "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಕುರ್ಚಿ ತೋರಿಸಿ, ಬಾಗಿಲು ದಾಟುತ್ತಿದ್ದ ಬಿಳಿ ಅಂಗಿಯವನನ್ನು ಕೂಗಿದರು:

"ಏಯ್, ಎಲ್ಲಿಗೋ ಹೊರಟೆ? ಬಾರೋ ಇಲ್ಲಿ!"